ಬೆನ್ನು ಮೇಷ್ಟ್ರು

ಅವರು ಮೇಷ್ಟ್ರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂವತ್ತೊಂದು ವರ್ಷ ಎಲ್ಲರೂ ಮೇಷ್ಟ್ರು ಮೇಷ್ಟ್ರು ಎಂದು ಕರೆದು ಅವರನ್ನು ಅರ್ಧ ಹಾಳು ಮಾಡಿದ್ದರು, ಇನ್ನರ್ಧ ಅವರೇ ಮಾಡಿಕೊಂಡಿದ್ದರು. ವೈದ್ಯಕೀಯ ಕಾಲೇಜಿನಲ್ಲಿ ಹೆಣ ಕೊಯ್ದು ಪಾಠ ಕಲಿಯುವ ಉದ್ದನೆಯ ಕೋಣೆಯಲ್ಲಿ ಅವರು ಅಟೆಂಡರ್. ಬೆಳಿಗ್ಗೆ ತೊಟ್ಟಿಯಿಂದ ಹೆಣ ಎತ್ತಿ ಮೇಜಿನ ಮೇಲೆ ಮಲಗಿಸುವುದು, ಸಂಜೆ ಒದ್ದೆ ಬಟ್ಟೆ ಹೊದಿಸುವುದು, ನೆಲ ತೊಳೆಯುವುದು, ಕಾಗದದ ಮೇಲೆ ಇಷ್ಟೇ ಕೆಲಸ. ಸೇರಿದ ಎರಡನೇ ವರ್ಷ ಲೆಕ್ಚರರ್ ಒಬ್ಬರು ಇವರ ಕೈಗೆ ಬ್ಲೇಡು, ಚಿಮಟ ಕೊಟ್ಟು, ಈ ಬೆನ್ನಿನ ಚರ್ಮ ಸ್ವಲ್ಪ ಬಿಡಿಸಿಡಪ್ಪ, ನನಗೆ ಮೀಟಿಂಗ್ ಇದೆ ಎಂದು ಹೋದರು. ಆ ಮೀಟಿಂಗ್ ಇವತ್ತಿಗೂ ಮುಗಿದಿಲ್ಲ. ಬೆನ್ನು ಇವರ ಪಾಲಿಗೆ ಬಂತು.

ಬೆನ್ನು ಯಾರಿಗೂ ಬೇಡದ ಭಾಗ. ಕೈ ಬೇಕು, ಎದೆ ಬೇಕು, ಹೊಟ್ಟೆ ಬೇಕು, ಮುಖಕ್ಕಂತೂ ಹುಡುಗರು ಜಗಳವಾಡುತ್ತಾರೆ. ಬೆನ್ನಿಗೆ ವರ್ಷಕ್ಕೆ ಎರಡು ಮಧ್ಯಾಹ್ನ. ಹೆಣವನ್ನು ಬೋರಲು ತಿರುಗಿಸಬೇಕು, ಅದೇ ಒಂದು ದೊಡ್ಡ ತ್ರಾಸು. ಮೇಲಿನ ಅಗಲವಾದ ಸ್ನಾಯು ನೋಡಿ, ಪುಸ್ತಕದಲ್ಲಿ ಗೆರೆ ಎಳೆದು, ಕೆಳಗಿರುವುದನ್ನೆಲ್ಲ ಗೋಣಿಚೀಲದ ಹಾಗೆ ಸೀಳಿ, ಮೂಳೆಗೆ ಗರಗಸ ಹಾಕಿಸಿ, ಒಳಗಿನ ಬೆನ್ನುಹುರಿ ಕಂಡಿತೋ ಇಲ್ಲವೋ ಕೈ ತೊಳೆದುಕೊಂಡು ಹೊರಡುತ್ತಾರೆ. ನಡುವೆ ಎಷ್ಟು ಪದರ ಇದ್ದವು, ಯಾವುದು ಎಲ್ಲಿ ಹುಟ್ಟಿ ಎಲ್ಲಿ ಸೇರಿತ್ತು ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಆ ನಡುವಿನದೇ ಮೇಷ್ಟ್ರ ರಾಜ್ಯ.

ಓದಿದ್ದು ಏಳನೇ ತರಗತಿ. ಪುಸ್ತಕದ ಹೆಸರುಗಳಿಗೆ ನಾಲಿಗೆ ಹೊರಳುವಷ್ಟರಲ್ಲಿ ಅವರು ತಮ್ಮದೇ ಹೆಸರು ಇಟ್ಟುಕೊಂಡಿದ್ದರು. ಎಲ್ಲಕ್ಕಿಂತ ಮೇಲೆ, ಕತ್ತಿನಿಂದ ಹೆಗಲಿಗೆ ಹರಡಿಕೊಂಡದ್ದು ಶಾಲು. ಶಾಲು ತೆಗೆದರೆ ಕತ್ತನ್ನು ಓರೆಯಾಗಿ ಸುತ್ತಿದ ಪಟ್ಟಿ. ಪಟ್ಟಿ ಬಿಚ್ಚಿದರೆ ತಲೆಬುರುಡೆಯ ಹಿಂಭಾಗದಿಂದ ಇಳಿಯುವ ಎರಡು ದಪ್ಪ ಹಗ್ಗ. ಹಗ್ಗ ಸರಿಸಿದರೆ, ಬೆನ್ನುಮೂಳೆಗೆ ಅಂಟಿಕೊಂಡು, ಎರಡು ಮೂಳೆ ದಾಟಿ ಒಂದು ಎಳೆ, ಮೂರು ದಾಟಿ ಇನ್ನೊಂದು ಎಳೆ ಎಂದು ಸೊಂಟದ ಕೆಳಗಿನವರೆಗೂ ಹೆಣೆದುಕೊಂಡು ಹೋಗುವ ಜಡೆ. ಪುಸ್ತಕದಲ್ಲಿ ಅದಕ್ಕೆ ಮಲ್ಟಿಫಿಡಸ್ ಎನ್ನುತ್ತಾರೆ. ಜಡೆಯ ಅಡಿಯಲ್ಲಿ ಒಂದು ಮೂಳೆಯಿಂದ ಪಕ್ಕದ ಮೂಳೆಗಷ್ಟೇ ಹೋಗುವ ಮರಿಗಳು. ಇನ್ನು ತಲೆಬುರುಡೆಯ ಬುಡದಲ್ಲಿ, ತೀರ ಒಳಗೆ, ಒಂದೊಂದು ಕಡೆ ನಾಲ್ಕು ನಾಲ್ಕು ಪುಟ್ಟ ಸ್ನಾಯು. ಒಂದೇ ಮನೆಯಲ್ಲಿದ್ದುಕೊಂಡು ಒಂದೊಂದು ದಿಕ್ಕಿಗೆ ಎಳೆಯುತ್ತವೆ ಅಂತ ಇವಕ್ಕೆ ದಾಯಾದಿಗಳು ಎಂದು ಹೆಸರಿಟ್ಟಿದ್ದರು.

ಈ ದಾಯಾದಿಗಳನ್ನು ಒಂದು ನಾರೂ ಹರಿಯದ ಹಾಗೆ ಬಿಡಿಸಿ ತೋರಿಸುವವರು ಆ ಕಾಲೇಜಿನಲ್ಲಿ ಇವರೊಬ್ಬರೇ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ ಕತ್ತು ಇವರದೇ ಕೈಕೆಲಸ, ಹನ್ನೊಂದು ವಾರ ಹಿಡಿದಿತ್ತು. ಹುಡುಗರು ಬೆನ್ನು ಮೇಷ್ಟ್ರು ಎಂದು ಹೆಸರಿಟ್ಟರು. ಇವರೂ ಸುಮ್ಮನಿರಲಿಲ್ಲ, ಹುಡುಗರ ಕೈ ನೋಡಿ ಒಬ್ಬೊಬ್ಬರಿಗೆ ಒಂದೊಂದು ಹೆಸರು ಕಟ್ಟಿದರು: ಹರಕ, ನಡುಕಲ, ಆತುರಗೇಡಿ. ಮುಂದೆ ದೊಡ್ಡ ಡಾಕ್ಟರಾದವರೂ ಇವರ ಕಣ್ಣಿಗೆ ಅದೇ ಹರಕ, ಅದೇ ಆತುರಗೇಡಿ. ತೊಟ್ಟಿ ತೊಳೆಯುವವನಿಗೆ ಇಷ್ಟು ಕೋಡು ಮೂಡಬಾರದು ಎಂದು ಹೇಳಲು ಅಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ.

ಆ ಕೋಣೆಗೆ ಒಂದು ಪದ್ಧತಿ ಇತ್ತು. ಮಾಂಸ ಮೇಷ್ಟ್ರದು, ಮೂಳೆ ಇನ್ನೊಬ್ಬ ಅಟೆಂಡರ್ ಗರಗಸದಣ್ಣನದು. ಬ್ಲೇಡಿನ ತುದಿಗೆ ಮೂಳೆ ತಾಗಿದ ಕೂಡಲೇ ಮೇಷ್ಟ್ರು ಚಿಮಟ ಇಟ್ಟು, ಗ್ಲೌಸ್ ಬಿಚ್ಚಿ, ಟೀ ಕುಡಿಯಲು ಹೊರಟುಬಿಡುತ್ತಿದ್ದರು. ಗರಗಸದಣ್ಣ ಬಂದು ಮೂಳೆ ಕೊಯ್ದು ಹುರಿ ತೆರೆದಿಡುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಮೇಷ್ಟ್ರು ಒಂದು ಸಲವೂ ನಿಂತು ಅದನ್ನು ನೋಡಲಿಲ್ಲ. ತಮ್ಮ ಕೆಲಸವನ್ನೆಲ್ಲ ಎರಡೂ ಪಕ್ಕಕ್ಕೆ ಕಿತ್ತು ಬಿಸಾಕಿ ಮಾಡುವ ಕೆಲಸ ಅದು. ಅವರಿಗೆ ಹೊಟ್ಟೆ ಉರಿಯುತ್ತಿತ್ತು. ಹುರಿಯ ಬಗ್ಗೆ ಹುಡುಗರು ಏನಾದರೂ ಕೇಳಿದರೆ ಅದು ನನ್ನ ಇಲಾಖೆ ಅಲ್ಲ ಎನ್ನುತ್ತಿದ್ದರು.

ಕಾಲೇಜಿನ ಹಿಂದೆ ನೌಕರರ ಮನೆಗಳು. ಎರಡು ಕೋಣೆ, ಒಂದು ಅಡಿಗೆಮನೆ, ಹಿಂದೆ ಒಂದು ಎತ್ತರದ ಗೋಡೆ. ಗೋಡೆಯಾಚೆ ಅದೇ ಕಾಲೇಜಿನ ಆಸ್ಪತ್ರೆ. ಮನೆಯಲ್ಲಿ ಮೇಷ್ಟ್ರು, ಅವರ ಹೆಂಡತಿ, ಬಸ್ ನಿಲ್ದಾಣದಲ್ಲಿ ಟಿಕೆಟ್ ಕಾಯ್ದಿರಿಸುವ ಕಿಟಕಿಯಲ್ಲಿ ಕೂರುವ ಮಗಳು. ಹೆಂಡತಿ ದರ್ಜಿ ಅಂಗಡಿಗೆ ಕಾಜಾ ಗುಂಡಿ ಹಾಕಿಕೊಡುತ್ತಿದ್ದರು. ಬೆಳಿಗ್ಗೆ ಒಂದು ಗಂಟು ಅಂಗಿ ಬರುತ್ತಿತ್ತು. ಆಕೆ ಕಿಟಕಿಯ ಹತ್ತಿರ ಗಿಡ್ಡ ಸ್ಟೂಲಿನ ಮೇಲೆ ಕೂತು, ಕತ್ತು ಬಗ್ಗಿಸಿ, ಕಾಜಾದ ಅಂಚಿಗೆ ದಾರ ಸುತ್ತುತ್ತ ಸಂಜೆಯವರೆಗೂ ಏಳುತ್ತಿರಲಿಲ್ಲ. ಆಕೆ ಹಾಕಿದ ಗುಂಡಿ ಅಂಗಿ ಹರಿದು ಚಿಂದಿಯಾದರೂ ಬೀಳದು ಎಂದು ದರ್ಜಿ ಗಿರಾಕಿಗಳಿಗೆ ಹೇಳುತ್ತಿದ್ದ. ಆಕೆಯ ಪಾಲಿಗೆ ಅದೇ ಬಿರುದು, ಅದೇ ಸನ್ಮಾನ. ಗಂಡನ ಗಾಜಿನ ಪೆಟ್ಟಿಗೆಯ ಬಗ್ಗೆ ಮನೆಯಲ್ಲಿ ದಿನಾ ಮಾತು ನಡೆಯುತ್ತಿತ್ತು, ಆಕೆಯ ಬೆರಳಿನ ಬಗ್ಗೆ ನಡೆದದ್ದಿಲ್ಲ.

ಆಕೆಗೆ ಐವತ್ತೆರಡಾದಾಗ ಕತ್ತು ನೋಯಲು ಶುರುವಾಯಿತು. ಕತ್ತಿನ ಹಿಂದೆ ಕಲ್ಲು ಇಟ್ಟ ಹಾಗಿದೆ, ತಿರುಗಿಸಲು ಆಗುವುದಿಲ್ಲ ಎಂದರು. ನಾಚಿಕೆಯಾಗುತ್ತದೆ ಹೇಳಲು, ಮೇಷ್ಟ್ರಿಗೆ ಖುಷಿಯಾಯಿತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಹೆಂಡತಿ ಮೊದಲ ಸಲ ಅವರ ವಿದ್ಯೆಯ ಬಾಗಿಲಿಗೆ ಬಂದಿದ್ದರು. ಸ್ಟೂಲಿನ ಮೇಲೆ ಕೂರಿಸಿ, ಮೇಜಿನ ಅಂಚಿಗೆ ಟವೆಲ್ ಮಡಿಸಿಟ್ಟು, ಹಣೆ ಅಲ್ಲಿ ಇಡು ಎಂದರು. ಹಿಂದೆ ನಿಂತು ಎರಡು ಹೆಬ್ಬೆರಳಲ್ಲಿ ಹುಡುಕಿದರು.

"ಇದು ಶಾಲು, ಇದಕ್ಕೇನೂ ಆಗಿಲ್ಲ. ಇದು ಪಟ್ಟಿ. ಹಾಂ, ಇಲ್ಲಿ ನೋಡು, ಹಗ್ಗ ಗಂಟು ಕಟ್ಟಿದೆ."

"ಏನೋಪ್ಪ, ನನಗೆ ನೋವು ಅಷ್ಟೇ ಗೊತ್ತು," ಎಂದರು ಆಕೆ.

ಅಂದಿನಿಂದ ಸಂಜೆ ಟೀ ಆದ ಮೇಲೆ ಅರ್ಧ ಗಂಟೆ ನೀವುವುದು ಮನೆಯ ನಿಯಮವಾಯಿತು. ಬೆಚ್ಚಗೆ ಎಣ್ಣೆ ಕಾಯಿಸಿಕೊಂಡು, ತಲೆಬುರುಡೆಯ ಬುಡದಿಂದ ಹೆಗಲ ನಡುವಿನವರೆಗೆ ಒಂದೊಂದೇ ಪದರದ ಹೆಸರು ಹೇಳುತ್ತ ಒತ್ತಿ ಬಿಡಿಸುತ್ತಿದ್ದರು. ಕೊನೆಗೆ ಗಲ್ಲ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತಿರುವುತ್ತಿದ್ದರು. ಆಕೆಗೆ ಅದು ಹಿತವಾಗಿತ್ತು, ಸುಳ್ಳಲ್ಲ. ಗಂಡ ಅಷ್ಟು ಹೊತ್ತು ತನ್ನ ಮೈ ಮೇಲೆ ಕೈ ಇಟ್ಟು, ತನ್ನ ಬಗ್ಗೆಯೇ ಮಾತಾಡುತ್ತ ನಿಂತದ್ದು ಮದುವೆಯಾದ ಹೊಸದರಲ್ಲೂ ಇರಲಿಲ್ಲ. ಎರಡೇ ವಾರದಲ್ಲಿ ಹೆಸರುಗಳು ಬಾಯಿಪಾಠವಾದವು. ಬೆಳಿಗ್ಗೆ ಎದ್ದು, ನಿಮ್ಮ ದಾಯಾದಿಗಳು ರಾತ್ರಿಯೆಲ್ಲ ಜಗಳ ಆಡಿದ್ರು ಎಂದು ನಗುತ್ತಿದ್ದರು. ಪಕ್ಕದ ಮನೆಯವರ ಹತ್ತಿರ, ನಮ್ಮನೆಯವರ ಕೈ ಯಾವ ಡಾಕ್ಟರಿಗೂ ಕಡಿಮೆ ಇಲ್ಲ ಎಂದು ಹೇಳಿಕೊಂಡರು. ಅದು ಸುತ್ತಿ ಬಳಸಿ ಮೇಷ್ಟ್ರ ಕಿವಿಗೂ ಬಿತ್ತು.

ಒಂದು ವಿಷಯ ಮಾತ್ರ ಮೇಷ್ಟ್ರಿಗೆ ಸಿಟ್ಟು ತರಿಸುತ್ತಿತ್ತು. ಸಂಜೆ ಸಡಿಲ ಮಾಡಿದ ಕತ್ತು ಬೆಳಿಗ್ಗೆ ಮತ್ತೆ ಬಿಗಿದಿರುತ್ತಿತ್ತು. ಮೊಂಡು ಸ್ನಾಯು ಇದು, ಯಾರು ಗೆಲ್ಲುತ್ತಾರೋ ನೋಡೋಣ ಎಂದು ಹಟಕ್ಕೆ ಬಿದ್ದರು. ಅರ್ಧ ಗಂಟೆ ಮುಕ್ಕಾಲು ಗಂಟೆಯಾಯಿತು. ಸತ್ತವರ ಕತ್ತೆಲ್ಲ ಔಷಧಿ ನೀರಲ್ಲಿ ನೆಂದು ಒಂದೇ ಸಮ ಬಿರುಸು. ಅವರು ಮುಟ್ಟಿದ ಯಾವ ಸ್ನಾಯುವೂ ಅದುವರೆಗೆ ಅವರ ಕೈಗೆ ಎದುರಾಡಿರಲಿಲ್ಲ. ಬದುಕಿದ ಸ್ನಾಯು ಯಾಕೆ ಬಿಗಿಯುತ್ತದೆ ಎಂದು ಯೋಚಿಸುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ.

ನಾಲ್ಕನೇ ತಿಂಗಳು ಸೂಜಿ ಜಾರಲು ಶುರುವಾಯಿತು. ಬೆರಳ ತುದಿಗೆ ಬಟ್ಟೆ ಸುತ್ತಿದ ಹಾಗಿದೆ, ಸೂಜಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದರು ಆಕೆ. ಮೇಷ್ಟ್ರ ಹತ್ತಿರ ಉತ್ತರ ಸಿದ್ಧವಿತ್ತು: ಹಗ್ಗ ಬಿಗಿದು ಕೈಗೆ ಹೋಗುವ ನರ ಹಿಂಡುತ್ತಿದೆ, ಹಗ್ಗ ಸಡಿಲವಾದರೆ ಬೆರಳು ತಾನಾಗಿ ಸರಿಹೋಗುತ್ತದೆ. ಇನ್ನಷ್ಟು ಒತ್ತಿದರು. ಐದನೇ ತಿಂಗಳು ಆಕೆಗೆ ದಾರ ಪೋಣಿಸಲು ಆಗದೆ, ಮಗಳು ಕೆಲಸಕ್ಕೆ ಹೋಗುವ ಮುಂಚೆ ಇಪ್ಪತ್ತು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗಬೇಕಾಯಿತು. ಲೋಟ ಕೈತಪ್ಪಿತು, ಒಂದಲ್ಲ, ನಾಲ್ಕು. ಆರನೇ ತಿಂಗಳು ದರ್ಜಿ ಒಂದು ಗಂಟು ಅಂಗಿ ವಾಪಸ್ ಕಳಿಸಿದ. ಗುಂಡಿಗಳೆಲ್ಲ ಸಡಿಲ, ಕಾಜಾದ ದಾರ ಅಡ್ಡಾದಿಡ್ಡಿ. ಆಕೆ ಆ ಅಂಗಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತಿದ್ದರು.

ಮಗಳಿಗೆ ತಡೆಯಲಿಲ್ಲ. ಗೋಡೆ ಆಚೆಗೆ ಆಸ್ಪತ್ರೆ ಇದೆ, ಒಂದು ಸಲ ತೋರಿಸೋಣ ಎಂದು ಅಪ್ಪನಿಗೆ ದುಂಬಾಲು ಬಿದ್ದಳು.

"ಯಾರಿಗೆ ತೋರಿಸ್ತೀಯಾ? ಅಲ್ಲಿ ಕೂತಿರೋರಿಗೆಲ್ಲ ಬೆನ್ನು ಬಿಡಿಸಿ ತೋರಿಸಿದ್ದು ನಾನು. ಪಟ್ಟಿ ಯಾವುದು ಹಗ್ಗ ಯಾವುದು ಅಂತ ಗೊತ್ತಿಲ್ಲದ ಮುಂಡೇವು," ಎಂದರು ಮೇಷ್ಟ್ರು.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಆ ಗೋಡೆಗೇ ಹೇಳಿ ಮಾಡಿಸಿದಂತಿತ್ತು. ಆದರೆ ಗಾದೆಯ ಹಿಂದೆ ಅವಿತುಕೊಳ್ಳುವುದು ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳೋಣ. ಹೊರರೋಗಿಗಳ ಬೆಂಚಿನ ಮೇಲೆ ಚೀಟಿ ಹಿಡಿದು ಕೂರಬೇಕು. ತಾವು ಆತುರಗೇಡಿ, ಹರಕ ಎಂದು ಬೈದ ಹುಡುಗ ಕುರ್ಚಿಯಲ್ಲಿ ಕೂತು, ಏನಾಗಿದೆ ಎಂದು ಕೇಳುತ್ತಾನೆ. ಅವನು ಮುಟ್ಟಿ ನೋಡಿ, ಮೇಷ್ಟ್ರೇ, ಇದು ನೀವು ಅಂದುಕೊಂಡಿದ್ದಲ್ಲ ಎಂದುಬಿಟ್ಟರೆ? ಆ ಒಂದು ಮಾತು ಕೇಳಬಾರದು ಎಂದು ಮನುಷ್ಯ ಹೆಂಡತಿಯ ಹತ್ತು ಬೆರಳನ್ನು ಪಣಕ್ಕಿಟ್ಟ. ಹಾಗೆಂದು ಅವರಿಗೆ ಗೊತ್ತಿರಲಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೂ ನಾಲ್ಕನೆಯದು ಒದೆಯುವುದು ಗೊತ್ತಾಗುತ್ತಿರುತ್ತದೆ.

ಆಕೆಯಾದರೂ ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅಮ್ಮ ಒಬ್ಬರೇ ಸಿಕ್ಕಾಗ ಮಗಳು ಗದರಿಸಿದರೆ, ನಿಮ್ಮಪ್ಪ ಮೂವತ್ತು ವರ್ಷ ಇದನ್ನೇ ನೋಡಿದ್ದಾರೆ, ಅವರಿಗೆ ಗೊತ್ತಿಲ್ಲದೆ ಇರುತ್ತಾ ಎನ್ನುತ್ತಿದ್ದರು. ನಂಬಿಕೆಯೋ, ಸಂಜೆಯ ಆ ಮುಕ್ಕಾಲು ಗಂಟೆ ಕೈತಪ್ಪಿ ಹೋಗಬಾರದು ಎನ್ನುವ ಆಸೆಯೋ, ಎರಡೂ ಇರಬಹುದು.

ಒಂಬತ್ತನೇ ತಿಂಗಳು, ಕೈಯಲ್ಲಿ ಉಳಿದಿದ್ದ ಅಂಗಿಗಳನ್ನು ಅಂಗಡಿಗೆ ಕೊಟ್ಟು, ಇನ್ನು ಸ್ವಲ್ಪ ದಿನ ಕೆಲಸ ಬೇಡ ಎಂದು ಹೇಳಿ ಆಕೆ ಮನೆಗೆ ನಡೆದು ಬಂದರು. ಕಾಲು ಕೆಲವು ದಿನದಿಂದ ಮರದ ಕಾಲಿನಂತೆ ಬಿಗಿದಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿ ನೋಡಿದರೆ ಒಂದೇ ಕಾಲಲ್ಲಿ ಚಪ್ಪಲಿ. ಇನ್ನೊಂದು ದಾರಿಯಲ್ಲಿ ಎಲ್ಲೋ ಕಳಚಿತ್ತು, ಅಂಗಾಲಿಗೆ ಗಾಜು ಚುಚ್ಚಿ ನೆಲವೆಲ್ಲ ರಕ್ತದ ಹೆಜ್ಜೆ. ಆಕೆಗೆ ಚಪ್ಪಲಿ ಹೋದದ್ದೂ ತಿಳಿದಿರಲಿಲ್ಲ, ಗಾಜೂ ತಿಳಿದಿರಲಿಲ್ಲ. ಕೆಲಸ ಮುಗಿಸಿ ಬಂದ ಮಗಳು ಆ ಹೆಜ್ಜೆ ನೋಡಿ, ಗಾಯ ತೊಳೆದು ಕಟ್ಟಿದಳು. ಮಾರನೇ ದಿನ ರಜೆ ಹಾಕಿ, ಅಪ್ಪ ಕಾಲೇಜಿಗೆ ಹೋದ ಮೇಲೆ ಅಮ್ಮನನ್ನು ಗೋಡೆಯಾಚೆಗೆ ಕರೆದುಕೊಂಡು ಹೋದಳು.

ಮಧ್ಯಾಹ್ನ ಎರಡಕ್ಕೆ ವಿಭಾಗದ ಗುಮಾಸ್ತ ಬಂದು, ಮಗಳ ಫೋನು, ಹೆಂಡತಿಗೆ ಸ್ಕ್ಯಾನ್ ಆಯಿತಂತೆ, ತಕ್ಷಣ ಬರಬೇಕಂತೆ ಎಂದ. ಅವತ್ತು ಬೆನ್ನಿನ ಮಧ್ಯಾಹ್ನ. ಐವತ್ತು ಹುಡುಗರು ಮೇಜಿನ ಸುತ್ತ ನಿಂತಿದ್ದರು, ಶಾಲು ಪಟ್ಟಿ ಆಗಿತ್ತು, ಜಡೆ ಅರ್ಧ ಬಿಡಿಸಿತ್ತು. ಇದು ಮುಗಿಸಿ ಬರುತ್ತೇನೆ ಎಂದರು ಮೇಷ್ಟ್ರು. ಮುಗಿಸಿಯೇ ಹೋದರು. ಆಸ್ಪತ್ರೆ ತಲುಪಿದಾಗ ನಾಲ್ಕೂವರೆ.

ಕುರ್ಚಿಯಲ್ಲಿದ್ದದ್ದು ಆತುರಗೇಡಿ. ತಲೆ ಅರ್ಧ ನರೆತಿತ್ತು, ಬೆನ್ನುಹುರಿಯ ಆಪರೇಷನ್ನಿಗೆ ಈಗ ಅವನದೇ ದೊಡ್ಡ ಹೆಸರು. ಅವನು ಎದ್ದು ನಿಂತು, ಬನ್ನಿ ಮೇಷ್ಟ್ರೇ ಎಂದು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಎದುರಿಗೆ ಗಾಲಿ ಕುರ್ಚಿಯಲ್ಲಿ ಹೆಂಡತಿ, ಕತ್ತಿಗೆ ಅಲ್ಲಾಡದಂತೆ ಬಿಗಿಯಾಗಿ ಕಾಲರ್ ಪಟ್ಟೆ ಹಾಕಿದ್ದರು. ಗೋಡೆಗೆ ಒರಗಿ ಮಗಳು. ಸುತ್ತ ನಾಲ್ಕು ಜನ ಕಿರಿಯ ಡಾಕ್ಟರು. ಬೆಳಕಿನ ಹಲಗೆಯ ಮೇಲೆ ಆಕೆಯ ಕತ್ತಿನ ಚಿತ್ರ. ಮೂಳೆಗಳ ಹಿಂದೆ ಬೂದುಬಣ್ಣದ ದಾರದಂಥದ್ದು ಮೇಲಿನಿಂದ ಇಳಿದು ಬಂದು, ಒಂದು ಕಡೆ ಬಾಗಿಲ ಸಂದಿಗೆ ಸಿಕ್ಕಿದಂತೆ ಚಪ್ಪಟೆಯಾಗಿತ್ತು. ಮೇಷ್ಟ್ರು ಹುರಿಯನ್ನು ಕಣ್ಣು ನೆಟ್ಟು ನೋಡಿದ್ದು ಅದೇ ಮೊದಲು.

ಕತ್ತಿನ ನಾಲ್ಕನೇ ಮೂಳೆ ಐದನೆಯದರ ಮೇಲೆ ಮುಂದಕ್ಕೆ ಜಾರಿದೆ, ಹುರಿ ಅದುಮಿಹೋಗಿದೆ, ಬೆರಳು ಕಾಲು ಎರಡಕ್ಕೂ ಅದೇ ಕಾರಣ ಎಂದು ಆತುರಗೇಡಿ ವಿವರಿಸಿದ. ಆಮೇಲೆ ಕಿರಿಯರ ಕಡೆ ತಿರುಗಿದ. ಪಾಠ ಹೇಳುವ ಚಟ ಅವನಿಗೂ ಹತ್ತಿತ್ತು.

"ಒಳಗಿನ ಸ್ನಾಯುಗಳಿದಾವಲ್ಲ, ಅವು ಕತ್ತು ಆಡಿಸೋದಕ್ಕಿಂತ ಹೆಚ್ಚಾಗಿ ಮೂಳೆಗಳನ್ನ ಹಿಡಿದಿಡೋದಕ್ಕೆ ಇರೋದು. ಒಂದು ಮೂಳೆ ಅಲುಗಾಡೋಕೆ ಶುರುವಾದ್ರೆ ಮೊದಲು ಗೊತ್ತಾಗೋದು ಇವಕ್ಕೇ. ಬಿಗಿದು ಹಿಡ್ಕೊಳ್ತವೆ. ಪೇಷೆಂಟ್ ಬಂದು ಕತ್ತು ಕಲ್ಲಾಗಿದೆ ಅಂತಾರೆ. ಅದು ಕಾಯಿಲೆ ಅಲ್ಲ ಕಣ್ರೋ, ಕಾವಲು. ಈ ಅಮ್ಮನ ಕತ್ತು ಇಷ್ಟು ದಿನ ನಿಂತಿದ್ದು ಅದರಿಂದ." ಮೇಷ್ಟ್ರ ಹೆಗಲ ಮೇಲೆ ಕೈ ಇಟ್ಟು ಹೇಳಿದ, "ಇವುಗಳ ಹೆಸರೆಲ್ಲ ನನಗೆ ಹೇಳಿಕೊಟ್ಟಿದ್ದು ಇವರೇ."

ಒಂಬತ್ತು ತಿಂಗಳು ಸಂಜೆ ಸಂಜೆ ಎಣ್ಣೆ ಹಚ್ಚಿ ತಾವು ಗೆಲ್ಲಲು ಹೊರಟದ್ದು ಯಾರ ಮೇಲೆ ಎಂದು ಮೇಷ್ಟ್ರಿಗೆ ಆ ಕ್ಷಣದಲ್ಲೇ ತಿಳಿಯಿತು. ಮರಿಯಿಂದ ಜಡೆಯವರೆಗೆ ಒಂದೊಂದರ ಹುಟ್ಟು, ಸೇರುವ ಜಾಗ, ಪಕ್ಕದಲ್ಲಿ ಹಾದುಹೋಗುವ ನರ, ಎಲ್ಲವನ್ನೂ ಕಣ್ಣುಮುಚ್ಚಿ ಹೇಳಬಲ್ಲವರಾಗಿದ್ದರು. ಅವು ಏನು ಮಾಡುತ್ತವೆ ಎಂದು ಅವರು ಯಾರನ್ನೂ ಕೇಳಿರಲಿಲ್ಲ. ಹೆಣದ ಸ್ನಾಯು ಏನೂ ಮಾಡುವುದಿಲ್ಲವಲ್ಲ.

ಆತುರಗೇಡಿ ಚೀಟಿ ಬರೆಯುತ್ತ, ಎಲ್ಲರನ್ನೂ ಕೇಳುವಂತೆ ಆಕೆಯನ್ನೂ ಕೇಳಿದ:

"ಯಾರಾದ್ರೂ ಕತ್ತು ನೀವಿದ್ರಾ ಅಮ್ಮ? ತಿರುವಿ ಲಟಿಕೆ ತೆಗೆಯೋದು, ಹಾಗೇನಾದ್ರೂ?"

ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಮೇಷ್ಟ್ರು ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಗ್ಲೌಸಿನ ಬಿಳಿ ಪುಡಿ ಇನ್ನೂ ಉಗುರಿನ ಸಂದಿಯಲ್ಲಿತ್ತು.

"ಇಲ್ಲ," ಎಂದರು ಹೆಂಡತಿ. "ಯಾರೂ ಮುಟ್ಟಿಲ್ಲ."

ಹೌದು, ನಾನು ನೀವಿದೆ ಎನ್ನಲು ಎಷ್ಟು ಹೊತ್ತು ಬೇಕು? ಮೇಷ್ಟ್ರಿಗೆ ಬೇಕಾದಷ್ಟು ಹೊತ್ತು ಸಿಕ್ಕಿತ್ತು. ಆತುರಗೇಡಿ ಬರೆದು ಮುಗಿಸಿದ, ಸಹಿ ಹಾಕಿದ, ಪೆನ್ನಿನ ಮುಚ್ಚಳ ಹಾಕಿದ. ಅಮ್ಮನ ಮಾತು ಸುಳ್ಳು ಮಾಡಲು ಮಗಳಿಗೂ ಮನಸ್ಸು ಬರಲಿಲ್ಲ. ಅಂದಿನಿಂದ ಅವಳು ಅಪ್ಪನಿಗೆ ಊಟ ಬಡಿಸುವುದನ್ನು ನಿಲ್ಲಿಸಿದಳು. ತಟ್ಟೆ ಇಟ್ಟು ಹೋಗುತ್ತಿದ್ದಳು.

ಮೂರನೇ ದಿನ ಆಪರೇಷನ್. ಐದು ಗಂಟೆ ಹಿಡಿಯಿತು. ಹೊರಗೆ ಬೆಂಚಿನ ಮೇಲೆ ಕೂತ ಉಳಿದವರಿಗೆ ಒಳಗೆ ಏನಾಗುತ್ತಿದೆ ಎಂದು ಗೊತ್ತಿರಲಿಲ್ಲ, ಅದೇ ಅವರ ಪುಣ್ಯ. ಮೇಷ್ಟ್ರಿಗೆ ಎಲ್ಲ ಗೊತ್ತಿತ್ತು. ಈಗ ಬೋರಲು ಮಲಗಿಸಿರುತ್ತಾರೆ. ಈಗ ನಟ್ಟನಡುವೆ ಶಾಲು ಸೀಳಿರುತ್ತಾರೆ. ಪಟ್ಟಿ ಎರಡು ಕಡೆಗೆ. ಹಗ್ಗವನ್ನು ಮೂಳೆಯಿಂದ ಕೆರೆದು ಬಿಡಿಸಿರುತ್ತಾರೆ. ಈಗ ಜಡೆ. ತಾವು ಮಾಡಿದರೆ ಒಂದು ವಾರದ ಕೆಲಸ, ಆತುರಗೇಡಿಗೆ ಅರ್ಧ ಗಂಟೆ. ತಮ್ಮ ಮೇಜಿನ ಮೇಲೆ ಯಾವ ಪದರವೂ ರಕ್ತ ಸುರಿಸಿರಲಿಲ್ಲ. ಇಲ್ಲಿ ಒಂದೊಂದೂ ಸುರಿಸುತ್ತಿರುತ್ತದೆ, ಒಂದೊಂದನ್ನೂ ಸುಟ್ಟು ನಿಲ್ಲಿಸುತ್ತಿರುತ್ತಾರೆ. ಅಲ್ಲಿಗೆ ಬಂದಾಗ ಮೇಷ್ಟ್ರು ಎದ್ದು ಹೋಗಿ ನಲ್ಲಿಯ ಕೆಳಗೆ ತಲೆ ಒಡ್ಡಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಜಾರಿದ ಮೂಳೆಗೆ ಸಲಾಕೆ, ಸ್ಕ್ರೂ ಹಾಕಿ ನಿಲ್ಲಿಸಿದ್ದರು. ಇನ್ನು ಇದಕ್ಕಿಂತ ಕೆಡುವುದಿಲ್ಲ, ಆದರೆ ಹೋದದ್ದು ವಾಪಸ್ ಬರುತ್ತದೆ ಎಂದು ಹೇಳಲಾರೆ ಎಂದ ಆತುರಗೇಡಿ. ಐದಾರು ತಿಂಗಳ ಹಿಂದೆ ಬಂದಿದ್ದರೆ ಬೆರಳು ಉಳಿಯುತ್ತಿತ್ತು ಮೇಷ್ಟ್ರೇ, ಗೋಡೆ ಪಕ್ಕದಲ್ಲಿದ್ದುಕೊಂಡು ಯಾಕೆ ತಡ ಮಾಡಿದಿರಿ ಎಂದು ಕೇಳಿದ. ಅವನು ನಿಜವಾಗಿಯೂ ನೊಂದುಕೊಂಡು ಕೇಳಿದ್ದ. ಮೇಷ್ಟ್ರು ತಲೆ ತಗ್ಗಿಸಿ, ಕೆಲಸದ ಗಲಾಟೆ ಎಂದರು.

ಬೆರಳು ಬರಲಿಲ್ಲ. ಗೋಡೆ ಹಿಡಿದು ನಡೆಯುವಷ್ಟು ಕಾಲು ಬಂತು. ಎರಡೂ ಅಂಗೈ ಜೋಡಿಸಿ ಲೋಟ ಎತ್ತುವಷ್ಟು ಕೈ ಬಂತು. ತುತ್ತನ್ನು ಮಗಳು ಕಲಸಿಡಬೇಕು, ಅಂಗಿಯ ಗುಂಡಿ ಮಗಳು ಹಾಕಬೇಕು. ಜೀವನವೆಲ್ಲ ಪರರ ಅಂಗಿಗೆ ಗುಂಡಿ ಹಾಕಿದವರು ತನ್ನ ಮೈಮೇಲಿನ ಗುಂಡಿಗೆ ಮಗಳ ಕೈ ಕಾಯುತ್ತಿದ್ದರು. ಒಂದು ದಿನ ಆಕೆಯೇ ಸೂಜಿದಾರದ ಡಬ್ಬಿಯನ್ನು ದರ್ಜಿ ಅಂಗಡಿಗೆ ಕೊಟ್ಟುಬಿಡಲು ಹೇಳಿದರು. ಮೇಷ್ಟ್ರು ಬೇಡ, ಇರಲಿ ಎಂದು ಅಡ್ಡ ಬಂದರು. ಕೊಡು ಎಂದರು ಆಕೆ ಮಗಳಿಗೆ.

ಮೇಷ್ಟ್ರು ಈಗ ಒಳ್ಳೆಯ ಗಂಡನಾಗಿದ್ದರು. ಟೀ ತಾವೇ ಮಾಡುತ್ತಿದ್ದರು, ದಿಂಬು ಸರಿಮಾಡುತ್ತಿದ್ದರು, ಕಾಲೇಜಿನಿಂದ ಊಟದ ಹೊತ್ತಿಗೆ ಓಡಿ ಬರುತ್ತಿದ್ದರು. ಮಿಂಚಿ ಹೋದ ಮೇಲೆ ಬಂದ ಒಳ್ಳೆಯತನ, ಯಾರಿಗೆ ಬೇಕಿತ್ತು? ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ, ನೀವು ಎಂದು ಕರೆಯುವುದನ್ನೂ ಕಡಿಮೆ ಮಾಡಿದರು. ಕೊನೆಗೆ ಒಂದು ಮಧ್ಯಾಹ್ನ, ಮಗಳು ಕೆಲಸಕ್ಕೆ ಹೋಗಿದ್ದಾಗ, ಮೇಷ್ಟ್ರೇ ಮಾತು ತೆಗೆದರು.

"ನನಗೆ ಗೊತ್ತಿರಲಿಲ್ಲ ಕಣೇ."

ಆಕೆ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದರು. ಕತ್ತು ತಿರುಗಿಸಲು ಆಗದ್ದರಿಂದ ಇಡೀ ಮೈಯನ್ನು ನಿಧಾನವಾಗಿ ಇವರ ಕಡೆ ತಿರುಗಿಸಿದರು.

"ಒಂಬತ್ತು ತಿಂಗಳು ನಾನು ನೋವು ಅಂದೆ. ನೀವು ಹೆಸರು ಹೇಳಿದ್ರಿ."

ಅಷ್ಟು ಹೇಳಿ ಮತ್ತೆ ಕಿಟಕಿಯ ಕಡೆ ತಿರುಗಿಕೊಂಡರು. ಆ ಡಾಕ್ಟರ ಮುಂದೆ ಸುಳ್ಳು ಯಾಕೆ ಹೇಳಿದೆ ಎಂದು ಕೇಳಬೇಕು ಎಂದು ಮೇಷ್ಟ್ರಿಗೆ ಇತ್ತು. ಅದನ್ನು ಕೇಳದೆ ಟೀ ಕಾಯಿಸಲು ಒಳಗೆ ಹೋದರು.

ಹೊಲಿಗೆ ಬಿಚ್ಚಿ ಮೂರು ವಾರವಾಗಿತ್ತು. ದಿನಕ್ಕೊಮ್ಮೆ ಕತ್ತಿನ ಪಟ್ಟೆ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಕಟ್ಟಬೇಕು. ಆ ಕೆಲಸ ಮಗಳದು. ಒಂದು ಭಾನುವಾರ ಬೆಳಿಗ್ಗೆ ಮಗಳು ಹಿಂದೆ ಬಟ್ಟೆ ಒ‌ಣಹಾಕುತ್ತಿದ್ದಳು, ಆಕೆ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದರು. ಮೇಷ್ಟ್ರು ಬಿಸಿನೀರಿನ ಬಟ್ಟಲು ತಂದಿಟ್ಟು, ನಾನು ಒರೆಸಲಾ ಎಂದು ಕೇಳಿದರು. ಆಕೆ ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಪಟ್ಟೆ ಬಿಚ್ಚಿದರು. ನಡುವೆ ಉದ್ದಕ್ಕೆ ಗಾಯದ ಗುರುತು, ಅದರ ಎರಡೂ ಪಕ್ಕ ಮಾಂಸ ಕರಗಿ ಹಳ್ಳ ಬಿದ್ದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹಗುರವಾಗಿ, ಒಂದು ಚೂರೂ ಒತ್ತದೆ, ಹೆಬ್ಬೆರಳನ್ನು ತಲೆಬುರುಡೆಯ ಬುಡಕ್ಕೆ ಇಟ್ಟರು. ಅಲ್ಲಿ ಕತ್ತಿ ಮುಟ್ಟಿರಲಿಲ್ಲ. ಸ್ನಾಯುಗಳು ಮೆತ್ತಗಿದ್ದವು. ಮರುಕ್ಷಣ ಬೆರಳಿನ ಅಡಿಯಲ್ಲಿ ಅವು ಒಟ್ಟಿಗೆ ಬಿಗಿದವು, ಮೊದಲು ಒಳಗಿನವು, ಆಮೇಲೆ ಅವುಗಳ ಮೇಲಿನವು. ಕತ್ತು ಕಲ್ಲಾಯಿತು.

ಮೇಷ್ಟ್ರು ಕೈ ತೆಗೆದರು. ಸಡಿಲವಾಯಿತು. ಮತ್ತೆ ಇಟ್ಟರು, ಬರೀ ತುದಿಬೆರಳು. ಮತ್ತೆ ಬಿಗಿಯಿತು. ಆಕೆ ಹಲ್ಲು ಕಚ್ಚಿರಲಿಲ್ಲ, ಹುಬ್ಬು ಗಂಟಿಕ್ಕಿರಲಿಲ್ಲ. ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದರು, ತನ್ನ ಕತ್ತು ಹೀಗೆ ಮಾಡುತ್ತಿದೆ ಎಂದು ಆಕೆಗೆ ತಿಳಿದಿತ್ತೋ ಇಲ್ಲವೋ. ಮೇಷ್ಟ್ರ ಬೆರಳಿಗೆ ತಿಳಿಯಿತು. ಅವರು ಕೈಯನ್ನು ಕತ್ತಿನಿಂದ ಒಂದಿಷ್ಟೇ ದೂರಕ್ಕೆ ತೆಗೆದು, ಗಾಳಿಯಲ್ಲಿ ಹಿಡಿದುಕೊಂಡು ನಿಂತರು.

"ಮಗಳನ್ನ ಕರೀರಿ," ಎಂದರು ಆಕೆ. "ಅವಳು ಕಟ್ತಾಳೆ."